ಎತ್ತುವ ಗೂಟ

ಏಪ್ರಿಲ್ ೧೪, ೧೯೭೪. ಭಾನುವಾರ

ಬೆಳಗ್ಗೆ ವರ್ಕ್‌ಶಾಪಿನ ಬಾಗಿಲು ತೆಗೆಯುವ ಹೊತ್ತಿಗೆ ಹಗ್ಗದ ಮುದುಕ ಬಂದು ಕಟ್ಟೆಯ ಮೇಲೆ ಕೂತಿದ್ದ. ಶ್ರೀರಾಂಪುರದ ಆಚೆಗಿನ ಗೊಲ್ಲರಹಟ್ಟಿಯವನು, ಎತ್ತಪ್ಪ ಅಂತ ಹೆಸರು. ಕುರಿಗಳನ್ನು ಸೊಸೆಗೆ ಬಿಟ್ಟು ಮಗ ಜುಂಜಣ್ಣನ ಜೊತೆ ಮರ ಕಡಿಯುವ ಕೆಲಸ ಮಾಡುತ್ತಾನೆ. ಮಗ ಮರದ ಮೇಲೆ, ಅಪ್ಪ ಬುಡದಲ್ಲಿ.

ಎರಡು ವರ್ಷದ ಹಿಂದೆ ಅವನಿಗೆ ನಾನೇ ಒಂದು ಕಬ್ಬಿಣದ ಗೂಟ ಮಾಡಿಕೊಟ್ಟಿದ್ದೆ. ಬೋರ್‌ವೆಲ್ ಪೈಪಿನ ಒಂದು ಮೊಳದ ತುಂಡು, ಅದರ ಬೆನ್ನಿಗೆ ಪಟ್ಟಿ, ಪಟ್ಟಿಗೆ ಸರಪಳಿ. ಅಷ್ಟೇ. ಸರಪಳಿಯಿಂದ ಅದನ್ನು ಮರದ ಬುಡಕ್ಕೆ ಬಿಗಿಯುತ್ತಾರೆ. ಕೊಂಬೆಗೆ ಕಟ್ಟಿದ ಹಗ್ಗ ಮೇಲಿನ ರಾಟೆ ಹಾದು ಕೆಳಗಿಳಿದು ಗೂಟಕ್ಕೆ ನಾಲ್ಕು ಸುತ್ತು ಸುತ್ತಿ ಮುದುಕನ ಕೈಗೆ ಬರುತ್ತದೆ. ಮಗ ಕೊಂಬೆಯನ್ನು ಕುಯ್ದ ಕೂಡಲೇ ಅದು ಹಗ್ಗದಲ್ಲಿ ನೇತಾಡುತ್ತದೆ. ಮುದುಕ ತುದಿಯನ್ನು ಅಷ್ಟಷ್ಟೇ ಸಡಿಲಿಸುತ್ತ ಮಗು ಮಲಗಿಸುವ ಹಾಗೆ ನೆಲಕ್ಕೆ ಇಳಿಸುತ್ತಾನೆ.

ಈ ಸಲ ತಂದ ಕೆಲಸ ಬೇರೆ. ಗುರುವಾರದ ಗಾಳಿಗೆ ಶ್ರೀರಾಂಪುರದ ಹೆಣ್ಣುಮಕ್ಕಳ ಶಾಲೆಯ ಹುಣಸೆಮರದ ದೊಡ್ಡ ಕೊಂಬೆ ಅರ್ಧಕ್ಕೆ ಸೀಳಿ ಹೆಂಚಿನ ಮಾಡಿನ ಮೇಲೆ ಒರಗಿದೆಯಂತೆ. ಕಡಿದರೆ ಮಾಡು ಮುರಿದುಕೊಂಡು ಒಳಗೆ ಬೀಳುತ್ತದೆ. ಶುಕ್ರವಾರ ಎಂಟು ಜನ ಹಗ್ಗ ಹಿಡಿದು ಎಳೆದರಂತೆ. ಕೊಂಬೆ ಎದ್ದಂತೆ ಮಾಡಿ ಮತ್ತೆ ಕುಳಿತು ಎರಡು ತೊಲೆ ಬಿರಿದವಂತೆ.

"ಇಳ್ಸಾಕೆ ನಿಮ್ಮ ಗೂಟ ಐತಲ್ರಿ ಏಕಾಂತಪ್ನೋರೆ. ಇದನ್ನ ಮೊದ್ಲು ಎತ್ತಬೇಕು. ಒಂದು ಗೇಣು ಮ್ಯಾಕೆದ್ರೆ ಸಾಕು, ಪಕ್ಕಕ್ಕೆ ಎಳ್ಕಂಡು ಇಳಿಸ್ತೀನಿ. ಜೂನ್ ಮೂರಕ್ಕೆ ಸ್ಕೂಲು ಬಾಗ್ಲು ತೆಗಿತಾರಂತೆ."

ಇಳಿಸುವ ಗೂಟ ಎತ್ತಬಾರದು ಯಾಕೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಮುದುಕ ಇನ್ನೇನು ಹೇಳಿದನೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಹೊರಡುವಾಗ ಮಾತ್ರ, "ನನ್ನ ಮಗ ಮ್ಯಾಲಿರ್ತಾನ್ರಿ, ಅಷ್ಟು ನೆನಪಿಟ್ಕಳ್ರಿ," ಅಂದ. ಇರದೆ ಮತ್ತೆ ಮರ ಹತ್ತುವವರು ಯಾರು?

ನನ್ನ ಹೆಂಡತಿ ಚಂದ್ರಕ್ಕ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಒಳಗೆ ಬಂದು ಎಂದಿನ ಪ್ರಶ್ನೆ ಕೇಳಿದಳು: "ಅದನ್ನ ನಿಲ್ಲಿಸೋದು ಹೆಂಗೆ?" ಶೇಂಗಾ ಸುಲಿಯುವ ಮಿಷನ್ನಿನಲ್ಲಿ ಅವಳ ಎಡಗೈ ಕಿರುಬೆರಳು ಹೋಗಿ ಮೂರು ವರ್ಷವಾಯಿತು. ಅಂದಿನಿಂದ ನಾನು ಏನೇ ಮಾಡಲಿ, ಇದೊಂದೇ ಪ್ರಶ್ನೆ. ಆ ಮಿಷನ್ ಸರಿಯಾಗಿಯೇ ಇತ್ತು, ಅವಳು ಕೈ ಇಡಬಾರದ ಕಡೆ ಇಟ್ಟಳು. ಇರಲಿ. ಹೊಸದನ್ನು ಇನ್ನೂ ಶುರುವೇ ಮಾಡಿಲ್ಲ, ನಿಲ್ಲಿಸುವ ಮಾತು ಯಾಕೆ ಅಂದೆ.

ಏಪ್ರಿಲ್ ೧೬. ಮಂಗಳವಾರ

ಇವತ್ತು ಬೇರೆ ಕೆಲಸ ಮುಟ್ಟಲೇ ಇಲ್ಲ. ಎದುರಿನ ದಿನಸಿ ಅಂಗಡಿಯಿಂದ ತೂಕದ ಕಲ್ಲುಗಳನ್ನು ತಂದು ಪೈಪಿನ ತುಂಡಿಗೆ ಹಗ್ಗ ಸುತ್ತಿ ಒಂದು ಕಡೆ ಒಂದು ಕೆ.ಜಿ. ಕಟ್ಟಿದೆ. ಇನ್ನೊಂದು ಕಡೆ ಎಷ್ಟು ಭಾರ ತಡೆಯುತ್ತದೆ ಅಂತ ನೋಡಬೇಕಿತ್ತು. ಒಂದು ಸುತ್ತಿಗೆ ನಾಲ್ಕು ಕೆ.ಜಿ. ನಿಂತಿತು. ಎರಡು ಸುತ್ತಿಗೆ ಎಂಟು ಇರಬಹುದು ಅಂದುಕೊಂಡಿದ್ದೆ, ಹದಿನೈದು ನಿಂತಿತು. ಮೂರನೆಯ ಸುತ್ತಿಗೆ ಅಂಗಡಿಯ ಕಲ್ಲುಗಳೆಲ್ಲ ಮುಗಿದು ನಾನೇ ಹಗ್ಗಕ್ಕೆ ಜೋತುಬಿದ್ದೆ. ಅಲುಗಲಿಲ್ಲ. ಒಂದು ಕೆ.ಜಿ. ಕಲ್ಲು ನನ್ನನ್ನು ಎತ್ತಿ ಹಿಡಿದಿತ್ತು.

ಸುತ್ತು ಕೂಡುವುದಿಲ್ಲ, ಗುಣಿಸುತ್ತದೆ. ಮುದುಕನಿಗೆ ಇದು ಗೊತ್ತೋ ಇಲ್ಲವೋ. ಅವನು ನಾಲ್ಕು ಸುತ್ತು ಹಾಕುತ್ತಾನೆ, ಅವನಪ್ಪ ಮರದ ಬೊಡ್ಡೆಗೆ ನಾಲ್ಕು ಹಾಕುತ್ತಿದ್ದನಂತೆ.

ಅಂಗಡಿಯವನು ಬಂದು ತನ್ನ ಕಲ್ಲುಗಳನ್ನು ಬೈದುಕೊಂಡು ಎತ್ತಿಕೊಂಡು ಹೋದ.

ಏಪ್ರಿಲ್ ೨೫. ಗುರುವಾರ

ಗೂಟ ತಿರುಗುವಂತಾಯಿತು. ಪೈಪಿನ ಎರಡೂ ತುದಿಗೆ ಬೇರಿಂಗು, ಹಿಂದೆ ಹಳೆಯ ಲಾರಿಯ ಗೇರ್‌ಬಾಕ್ಸು, ಅದಕ್ಕೆ ಪಟ್ಟಾ. ಪಟ್ಟಾದ ಇನ್ನೊಂದು ಕೊನೆಯಲ್ಲಿ ತೋಟದ ಪಂಪಿನ ಐದು ಕುದುರೆಶಕ್ತಿಯ ಡೀಸೆಲ್ ಎಂಜಿನ್ನು, ಗಾಡಿಯ ಮೇಲೆ. ಕರೆಂಟು ನಂಬಿಕೊಂಡರೆ ಕೊಂಬೆ ನಡುಗಾಳಿಯಲ್ಲೇ ನಿಲ್ಲುತ್ತದೆ. ಗೂಟ ಹಿಂದಕ್ಕೆ ತಿರುಗದಂತೆ ಒಂದು ಹಲ್ಲು ಇಟ್ಟಿದ್ದೇನೆ, ಅದು ಟಕ್ ಟಕ್ ಅಂತ ಕೂರುವ ಸದ್ದು ಕೇಳುವುದೇ ಒಂದು ಸುಖ. ಹಗ್ಗ ಜಾರಬಾರದಲ್ಲ, ಅದಕ್ಕೆ ತುದಿಯನ್ನು ಗೂಟಕ್ಕೇ ಬೋಲ್ಟು ಹಾಕಿ ಕಚ್ಚಿಸಿದೆ. ಇನ್ನು ಮುದುಕ ಹಗ್ಗ ಹಿಡಿಯುವುದೇ ಬೇಡ. ಹೇಗೂ ಅವನ ಬಲಭುಜ ಬಿದ್ದುಹೋಗಿದೆ, ಲೋಟ ಎತ್ತುವಾಗ ಎಡಗೈ ಆಸರೆ ಕೊಡುತ್ತಾನೆ.

ಏಪ್ರಿಲ್ ೨೯. ಸೋಮವಾರ

ಹಿತ್ತಲ ಬೇವಿನ ಮರಕ್ಕೆ ರಾಟೆ ಕಟ್ಟಿ ಒಡೆದ ಒರಳುಕಲ್ಲನ್ನು ಎತ್ತಿ ನೋಡಿದೆ. ಹೂವಿನ ಹಾಗೆ ಎದ್ದಿತು. ನೋಡುತ್ತ ಮೈಮರೆತು ನಿಂತು, ಎಂಜಿನ್ನಿನ ಕಡೆ ಓಡುವಷ್ಟರಲ್ಲಿ ಕಲ್ಲು ರಾಟೆಗೆ ಹೋಗಿ ತಗುಲಿತು. ಎಂಜಿನ್ನಿಗೇನು, ಅದು ಎಳೆಯುತ್ತಲೇ ಇತ್ತು. ಹಗ್ಗ ಪಟಾರನೆ ಹರಿದು, ತುಂಡು ಬಂದು ನೀರಿನ ಬಾನಿಗೆ ಬಡಿದು, ಬಾನಿ ಹೋಳಾಯಿತು. ಕಲ್ಲು ನನ್ನಿಂದ ನಾಲ್ಕು ಹೆಜ್ಜೆ ಆಚೆ ಬಿತ್ತು.

ಚಂದ್ರಕ್ಕ ಹೋಳುಗಳನ್ನು ಆರಿಸಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹಗ್ಗ ಹಳೆಯದು ಅಂತ ನಾನೇ ಹೇಳಿದೆ.

ಮೇ ೩. ಶುಕ್ರವಾರ

ಚಿಕ್ಕಜಾಜೂರಿಗೆ ಹೋಗಿ ಗುಜರಿ ಅಂಗಡಿಯಲ್ಲಿ ಉಕ್ಕಿನ ತಂತಿಹಗ್ಗ ತಂದೆ. ಸ್ಟೇಷನ್ನಿನಲ್ಲಿ ಎಲ್ಲರ ಬಾಯಲ್ಲೂ ಎಂಟನೇ ತಾರೀಖಿನ ಮುಷ್ಕರದ್ದೇ ಮಾತು. ರೈಲೇ ಓಡುವುದಿಲ್ಲವಂತೆ. ಅಷ್ಟು ದೊಡ್ಡ ರೈಲ್ವೆಯನ್ನು ಹೇಗೆ ನಿಲ್ಲಿಸುತ್ತಾರೆ ಅಂತ ಒಬ್ಬ ಪಾಯಿಂಟ್ಸ್‌ಮನ್‌ನನ್ನು ಕೇಳಿದೆ. "ಕೈ ಕಟ್ಕಂಡು ಕುಂತ್ಕಂಡ್ರೆ ನಿಲ್ತೈತೆ," ಅಂದ. ಚಹಾ ಕುಡಿದು ಬಸ್ಸು ಹತ್ತಿದೆ.

ಸಂಜೆ ವರ್ಕ್‌ಶಾಪಿಗೆ ಬಂದ ಎತ್ತಪ್ಪನಿಗೆ ತಂತಿಹಗ್ಗ ನೋಡಿ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಅವನು ಬೆರಳಿಂದ ಮುಟ್ಟಿ ಕೆಳಗಿಟ್ಟ.

"ಇದು ಹರಿಯಲ್ಲ ಎತ್ತಪ್ಪ."

"ಹೌದ್ರಿ, ಹರಿಯಲ್ಲ. ಹಂಗಾದ್ರೆ ಹರಿಯೋದು ಯಾವ್ದು?"

ಹಗ್ಗ ಗಟ್ಟಿಯಾದರೆ ರಾಟೆ, ರಾಟೆ ಗಟ್ಟಿಯಾದರೆ ರಾಟೆ ಕಟ್ಟಿದ ಕವಲು. ಆ ಕವಲಿನ ಹತ್ತಿರ ಜುಂಜಣ್ಣ ಕೂತಿರುತ್ತಾನೆ. ಸರಿ, ಮೊದಲು ಒಂದು ಸಣ್ಣ ಕೊಂಬೆಗೆ ತೆಂಗಿನ ನಾರಿನ ಹಗ್ಗದಲ್ಲೇ ನೋಡೋಣ ಅಂತ ಒಪ್ಪಿಕೊಂಡೆ. ಮನಸ್ಸಿಲ್ಲದೆ ಒಪ್ಪಿಕೊಂಡೆ.

ಮೇ ೧೨. ಭಾನುವಾರ

ಕೋಪ ಇನ್ನೂ ಇಳಿದಿಲ್ಲ. ಶ್ರೀರಾಂಪುರದಲ್ಲಿ ಇವತ್ತು ಅರ್ಧ ಊರಿನ ಮುಂದೆ ಮರ್ಯಾದೆ ಹೋಯಿತು.

ಯಂತ್ರವನ್ನು ನಿನ್ನೆಯೇ ಗಾಡಿಯಲ್ಲಿ ಕಳಿಸಿದ್ದೆ. ಅವರ ಮನೆಯಲ್ಲಿ ಹೊಸ ಕೊಡಲಿಯಾಗಲಿ, ಹಗ್ಗವಾಗಲಿ, ಏನೇ ಬಂದರೂ ದೇವರ ಮೀಸಲು ಬೆಣ್ಣೆಯನ್ನು ಮೊದಲು ಅದಕ್ಕೆ ಸವರುವುದು ಪದ್ಧತಿಯಂತೆ. ಸವರದೆ ಮರ ಮುಟ್ಟುವುದಿಲ್ಲ. ಗೂಟಕ್ಕೆ ಬೆಣ್ಣೆ ಹಚ್ಚಿದ್ದಾರೆ. ಬೊಟ್ಟಿನಷ್ಟಲ್ಲ, ಗೂಟದ ಮೈ ತುಂಬ, ಪ್ರೀತಿಯಿಂದ. ಸಾಲದ್ದಕ್ಕೆ ಮುದುಕ ತುದಿಗೆ ಬೋಲ್ಟು ಹಾಕುವುದನ್ನು ಮರೆತು, ಕೈ ರೂಢಿಯಂತೆ ನಾಲ್ಕು ಸುತ್ತು ಹಾಕಿ ತುದಿ ಹಿಡಿದು ನಿಂತಿದ್ದಾನೆ. ನಾನು ಎಂಜಿನ್ನಿನ ಹತ್ತಿರ ಇದ್ದೆ, ಗಮನಿಸಲಿಲ್ಲ.

ಸಣ್ಣ ಕೊಂಬೆ ಎರಡು ಅಡಿ ಎದ್ದಿತು. ಆಮೇಲೆ ಗೂಟ ತಿರುಗುತ್ತಿದೆ, ಹಗ್ಗ ನಿಂತಿದೆ. ಗೂಟ ತನ್ನ ಪಾಡಿಗೆ ಹಗ್ಗದ ಒಳಗೇ ಜಾರುತ್ತ ತಿರುಗುತ್ತಿದೆ. ಶಾಲೆಯ ಗೋಡೆಯ ಮೇಲೆ ಕೂತವರು ನಕ್ಕರು. ನಾನು ಎಂಜಿನ್ ಆರಿಸಿ, ಬೆಣ್ಣೆ ಹಚ್ಚೋಕೆ ಇದೇನು ರೊಟ್ಟಿಯೇನಯ್ಯ ಅಂತ ಎಲ್ಲರ ಮುಂದೆ ಬೈದೆ. ಎತ್ತಪ್ಪ ಹಗ್ಗದ ತುದಿ ಹಿಡಿದುಕೊಂಡೇ ಮೇಲೆ ನೋಡುತ್ತಿದ್ದ.

ಸ್ವಲ್ಪ ಹೊತ್ತಿಗೆ ಜುಂಜಣ್ಣ ಇಳಿದು ಬಂದ. "ಕೊಂಬೆ ಮ್ಯಾಲಿನ ಕವಲಿಗೆ ಸಿಕ್ಕಾಕ್ಕಂಡಿತ್ತು ಕಣಪ್ಪ," ಅಂದ. ಎಲೆಯ ಮರೆಗೆ ಕೆಳಗಿನಿಂದ ಕಾಣುತ್ತಿರಲಿಲ್ಲ. ರಾಟೆ ಕಟ್ಟಿದ ಕಡೆ ಮರ ಲಟಲಟ ಅಂದಿತಂತೆ, ಎಂಜಿನ್ನಿನ ಸದ್ದಿಗೆ ಅವನು ಕೂಗಿದ್ದು ನಮಗೆ ಕೇಳಿಸಿಲ್ಲ.

ಆದರೂ ಬೆಣ್ಣೆ ಹಚ್ಚಿದ್ದು ತಪ್ಪು.

ಮೇ ೧೩. ಸೋಮವಾರ

ಲಟಲಟ ಅಂದಿತಂತೆ.

ಮೇ ೧೫. ಬುಧವಾರ

ಎರಡು ದಿನ ವರ್ಕ್‌ಶಾಪು ತೆರೆದರೂ ಕೆಲಸ ಓಡಲಿಲ್ಲ. ಇವತ್ತು ಪೈಪಿನ ತುಂಡಿಗೆ ಬೆಣ್ಣೆ ಸವರಿ ಮತ್ತೆ ಕಲ್ಲು ಕಟ್ಟಿ ನೋಡಿದೆ. (ಅಂಗಡಿಯವನು ಈ ಸಲ ಕಲ್ಲು ಕೊಡಲಿಲ್ಲ, ಕಬ್ಬಿಣದ ಗಟ್ಟಿಗಳನ್ನು ಕಟ್ಟಿದೆ.) ಮೂರು ಸುತ್ತಿದ್ದರೂ ಆರು ಕೆ.ಜಿ.ಗೇ ಜಾರಿತು.

ಬೋಲ್ಟು ಹಾಕಿದ್ದರೆ ಏನಾಗುತ್ತಿತ್ತು ಅಂತ ಬರೆದು ನೋಡುತ್ತೇನೆ. ಗೂಟ ಜಾರುತ್ತಿರಲಿಲ್ಲ. ಎಂಜಿನ್ನು ನಿಲ್ಲುತ್ತಿರಲಿಲ್ಲ. ನಾನು ಓಡಿಹೋಗಿ ಆರಿಸುವುದಕ್ಕೆ ಹತ್ತು ಎಣಿಸುವಷ್ಟು ಹೊತ್ತು ಬೇಕು, ಎಂಜಿನ್ನಿನ ಗಾಲಿ ಸುಮ್ಮನಾಗಲು ಇನ್ನೂ ಇಪ್ಪತ್ತು. ಅಷ್ಟರಲ್ಲಿ ಕವಲು ಕಿತ್ತು, ಕೊಂಬೆ, ರಾಟೆ, ಜುಂಜಣ್ಣ ಮೂರೂ ಶಾಲೆಯ ಅಂಗಳದಲ್ಲಿ ಇರುತ್ತಿದ್ದವು. ನಾನು ಬೈದ ಬೆಣ್ಣೆಯೇ ಆ ಹುಡುಗನನ್ನು ಉಳಿಸಿದ್ದು.

ನಾನು ಒಂದು ತಿಂಗಳಿಂದ ಹಗ್ಗ ಜಾರದಂತೆ ಮಾಡಲು ಹೆಣಗಿದೆ. ಜಾರುವುದೇ ಬೇಕಾಗಿತ್ತು. ಎತ್ತಪ್ಪ ಮೂವತ್ತು ವರ್ಷದಿಂದ ಮಾಡುವ ಕೆಲಸ ಹಿಡಿಯುವುದಲ್ಲ, ಎಷ್ಟು ಜಾರಬೇಕೋ ಅಷ್ಟು ಜಾರಲು ಬಿಡುವುದು. ನಾನು ಮೊದಲು ಕಿತ್ತುಹಾಕಿದ್ದು ಅದನ್ನೇ.

ಹಾಗಾದರೆ ಬೋಲ್ಟು ತೆಗೆದು, ಗೂಟ ಸುಮ್ಮನೆ ತಿರುಗುತ್ತಿರಲಿ, ಹಗ್ಗದ ತುದಿ ಕೈಯಲ್ಲೇ ಇರಲಿ. ತುದಿ ಬಿಗಿ ಹಿಡಿದರೆ ಗೂಟ ಹಗ್ಗವನ್ನು ಕಚ್ಚಿ ಎತ್ತುತ್ತದೆ. ತುಸು ಸಡಿಲಿಸಿದರೆ ಗೂಟ ಮಾತ್ರ ತಿರುಗುತ್ತದೆ, ಕೊಂಬೆ ಇದ್ದಲ್ಲೇ ನಿಲ್ಲುತ್ತದೆ. ಎಂಜಿನ್ ಆರಿಸಿ ಹಲ್ಲು ಕೂರಿಸಿದರೆ ಮತ್ತೆ ಹಳೆಯ ಗೂಟ, ಇಳಿಸಬಹುದು. ಎಂಜಿನ್ನಿನ ಹತ್ತಿರ ಓಡುವುದೇ ಬೇಡ. ಇಷ್ಟು ಸುಲಭವೇ? ಬೋಲ್ಟು ಬಿಚ್ಚುವುದೇ ಉತ್ತರವಾದರೆ ನಾನು ಮಾಡಿದ್ದೇನು?

ಶ್ರೀರಾಂಪುರದ ಬಸ್ಸಿಗೆ ಹೋಗಿ ಎತ್ತಪ್ಪಣ್ಣನಿಗೆ ಹೇಳಿ ಬಂದೆ. ತಪ್ಪಾಯಿತು ಅಂತಲೂ ಹೇಳಿದೆ. ಅವರ ಸೊಸೆ ಚಿತ್ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಮತ್ತೆ ಅವ್ರನ್ನ ಮ್ಯಾಲೆ ಹತ್ತಿಸ್ತೀರಾ?" ಅಂದಳು. ಏಳು ತಿಂಗಳ ಬಸುರಿ. ಮೊದಲು ನಮ್ಮ ಹಿತ್ತಲಲ್ಲಿ ನೀವೇ ಬಂದು ನೋಡಿ, ಸರಿ ಅನಿಸಿದರೆ ಮಾತ್ರ ಅಂದೆ.

ಮೇ ೨೨. ಬುಧವಾರ

ಅಪ್ಪ, ಮಗ, ಸೊಸೆ ಮೂವರೂ ಬಂದಿದ್ದರು. ಗೂಟವನ್ನು ಸೀಗೆಪುಡಿ ಹಾಕಿ ತೊಳೆಯಬೇಕು ಅಂದಾಗ ಎತ್ತಪ್ಪಣ್ಣ ಮೊದಲ ಸಲ ಗಟ್ಟಿಯಾಗಿ ಮಾತಾಡಿದರು. "ದೇವ್ರ ಮೀಸಲು ಅದು. ತೊಳ್ದು ಚರಂಡಿಗೆ ಬಿಡಾಕಾಯ್ತದಾ?" ಬೆಣ್ಣೆ ಇದ್ದರೆ ಭಾರ ಎತ್ತುವುದಿಲ್ಲ, ಬೆಣ್ಣೆ ಇಲ್ಲದೆ ಅವರು ಮುಟ್ಟುವುದಿಲ್ಲ. ಅರ್ಧ ಗಂಟೆ ಕೂತೆವು. ಕೊನೆಗೆ ಚಂದ್ರಕ್ಕನೇ ಒಂದು ತಟ್ಟೆ ತಂದು, ಬಟ್ಟೆಯಿಂದ ಒರೆಸಿದ್ದನ್ನೆಲ್ಲ ಅದರಲ್ಲಿ ತೊಳೆದು, ಆ ನೀರನ್ನು ಬೇವಿನ ಬುಡಕ್ಕೆ ಹಾಕಿದಳು. ಇನ್ನು ಮುಂದೆ ಬೆಣ್ಣೆ ಗೂಟ ಕೂರಿಸಿದ ಚೌಕಟ್ಟಿನ ಕಾಲಿಗೆ ಅಂತ ತೀರ್ಮಾನವಾಯಿತು. "ಕಾಲಿಗೆ ಹಚ್ಚಿದ್ರೂ ದೇವ್ರಿಗೆ ಮುಟ್ತೈತೆ ಬಿಡ್ರಿ," ಅಂದರು ಎತ್ತಪ್ಪಣ್ಣ.

ಒರಳುಕಲ್ಲನ್ನೇ ಮತ್ತೆ ಕಟ್ಟಿದೆವು. ಎತ್ತಪ್ಪಣ್ಣ ನೋಯುವ ಬಲಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಡಗೈಲಿ ತುದಿ ಹಿಡಿದರು. ಕಲ್ಲು ಎದ್ದಿತು, ನಿಂತಿತು, ಇಳಿಯಿತು, ಮತ್ತೆ ಎದ್ದಿತು. "ಎರಡು ಬೆಟ್ಟು ಸಾಕಲ್ರಿ ಇದಕ್ಕೆ," ಅಂತ ಎರಡೇ ಬೆರಳಲ್ಲಿ ತುದಿ ಹಿಡಿದು ಅವರು ನಕ್ಕಾಗ ಬಾಯಲ್ಲಿ ಎಷ್ಟು ಹಲ್ಲಿವೆ ಅಂತ ಗೊತ್ತಾಯಿತು.

ಆಗ ಚಂದ್ರಕ್ಕ ಮುಂದೆ ಬಂದು ಕೈ ಚಾಚಿದಳು. ಮೂರು ವರ್ಷದಿಂದ ಯಾವ ಯಂತ್ರದ ಹತ್ತಿರವೂ ಸುಳಿದವಳಲ್ಲ. ಬೇಡ ಅನ್ನಲು ಬಾಯಿ ತೆರೆದೆ, ಎತ್ತಪ್ಪಣ್ಣ ಆಗಲೇ ತುದಿ ಕೊಟ್ಟಿದ್ದರು. ಎರಡೂ ಕೈಲಿ ಹಿಡಿದಳು. ಕಲ್ಲು ಎದೆಯೆತ್ತರಕ್ಕೆ ಹೋಯಿತು. ಅವಳು ಬೆರಳು ಸಡಿಲಿಸಿದಳು. ಎಂಜಿನ್ನು ಬಡಿದುಕೊಳ್ಳುತ್ತಲೇ ಇದೆ, ಗೂಟ ತಿರುಗುತ್ತಲೇ ಇದೆ, ಕಲ್ಲು ನಿಂತಿದೆ. ಅವಳು ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಇಳಿಸಿ, "ಇದು ನಿಲ್ತೈತೆ," ಅಂತ ಚಿತ್ತಮ್ಮನಿಗೆ ಹೇಳಿ ಅಡುಗೆಮನೆಗೆ ಹೋದಳು.

ಚಿತ್ತಮ್ಮ ನನ್ನ ಕಡೆ ನೋಡಿ ತಲೆಯಾಡಿಸಿದಳು.

ಮೇ ೩೧. ಶುಕ್ರವಾರ

ಬಲಗೈ ಅಂಗೈ ಸುಟ್ಟಿದೆ, ಅಕ್ಷರ ಸೊಟ್ಟ ಬರುತ್ತವೆ. ಬರೆಯದೆ ಇರಲಾರೆ.

ಏಳು ಗಂಟೆಗೇ ಶುರು ಮಾಡಿದೆವು. ಜುಂಜಣ್ಣ ಈ ಸಲ ರಾಟೆಯನ್ನು ಹಸಿ ಕವಲಿಗೆ ಕಟ್ಟಿ, ತಾನು ಇನ್ನೊಂದು ಕೊಂಬೆಗೆ ಸರಿದು ಕೂತ. ಕೂಗು ಕೇಳಿಸುವುದಿಲ್ಲವಲ್ಲ, ಅದಕ್ಕೆ ಕೆಂಪು ವಸ್ತ್ರ ಕೊಟ್ಟಿದ್ದೆ, ಬೀಸಿದರೆ ನಿಲ್ಲಿಸುವುದು. ಮೊದಲು ಹಗ್ಗ ಬಿಗಿಯಾಗಿ ಕೊಂಬೆಯ ಭಾರ ತೆಗೆದುಕೊಂಡಿತು. ಅವನು ಸೀಳಿದ ಪಟ್ಟೆಯನ್ನು ಗರಗಸದಿಂದ ಬಿಡಿಸಿದ. ಎತ್ತಪ್ಪಣ್ಣ ತುದಿ ಬಿಗಿ ಹಿಡಿದರು. ಕೊಂಬೆ ಹೆಂಚು ಬಿಟ್ಟು ಎದ್ದಿತು. ಒಂದು ಬೆರಳು, ನಾಲ್ಕು ಬೆರಳು.

ಗೇಣಿಗೆ ಸ್ವಲ್ಪ ಕಮ್ಮಿ ಇರುವಾಗ ಎತ್ತಪ್ಪಣ್ಣ ಇದ್ದಕ್ಕಿದ್ದಂತೆ ಸಡಿಲಿಸಿದರು. ಗೂಟ ತಿರುಗುತ್ತಿದೆ, ಕೊಂಬೆ ನಿಂತಿತು. ಯಾಕೆ ಅಂತ ನಾನು ಕೇಳುವಷ್ಟರಲ್ಲಿ ಮೇಲೆ ಕೆಂಪು ವಸ್ತ್ರ ಆಡಿತು. ಒಂದು ರೆಂಬೆ ಮಾಡಿನ ರೀಪಿನ ಕೆಳಗೆ ಸಿಕ್ಕಿಕೊಂಡಿತ್ತು. ಇನ್ನೊಂದಿಷ್ಟು ಎಳೆದಿದ್ದರೆ ಮಾಡಿನ ಮೂಲೆಯೇ ಕಿತ್ತು ಬರುತ್ತಿತ್ತು.

"ನಿಮಗೆ ಹೆಂಗೆ ಗೊತ್ತಾಯ್ತು? ಅವ್ನು ಬೀಸೋಕೆ ಮೊದ್ಲೇ ಬಿಟ್ರಲ್ಲ."

"ಹಗ್ಗ ಬಿರುಸಾತ್ರಿ. ಕುರಿ ಕುತ್ತಿಗೆ ಹಗ್ಗ ಹಿಡ್ಕಂಡಾಗ ಗೊತ್ತಾಗಲ್ವಾ, ಅದು ಬರ್ತೈತೋ ಕಾಲು ಊರೈತೋ ಅಂತ. ಹಂಗೆ."

ಜುಂಜಣ್ಣ ಉದ್ದನೆಯ ಕೊಕ್ಕೆ ಚಾಚಿ ರೆಂಬೆ ಬಿಡಿಸಿದ. ಕೊಂಬೆ ಗೇಣೆತ್ತರಕ್ಕೆ ಎದ್ದಿತು. ಎಂಜಿನ್ ಆರಿಸಿ ಹಲ್ಲು ಕೂರಿಸಿದೆ. ಕೆಳಗಿದ್ದವರು ಪಕ್ಕದ ಹಗ್ಗ ಎಳೆದು ಅದನ್ನು ಅಂಗಳದ ಕಡೆ ತಿರುಗಿಸಿದರು. ಆಗ ಎತ್ತಪ್ಪಣ್ಣ ನನ್ನನ್ನು ಕರೆದು ತುದಿಯನ್ನು ನನ್ನ ಕೈಗಿಟ್ಟರು.

"ನೀವೇ ಇಳ್ಸಿ. ನಾನು ಪಕ್ಕದಾಗಿರ್ತೀನಿ."

ಗೂಟ ಮಾಡಿದವನು ನಾನು, ಹಗ್ಗ ಹಿಡಿದವನಲ್ಲ. ಆ ಭಾರ ಕೈಗೆ ಬಂದಾಗ ಎರಡೂ ಕಾಲು ಊರಿ ನಿಂತೆ. ಒಂದು ಸಲ ಜಾಸ್ತಿ ಬಿಟ್ಟೆ, ಹಗ್ಗ ಅಂಗೈ ಸುಟ್ಟುಕೊಂಡು ಓಡಿತು. ಎತ್ತಪ್ಪಣ್ಣ ಎಡಗೈ ತಂದು ನನ್ನ ಕೈಮೇಲೆ ಇಟ್ಟರು, ಅಷ್ಟೇ, ಹಿಡಿಯಲಿಲ್ಲ. ಕೊಂಬೆ ಇಳಿಯಿತು. ಒಡೆದದ್ದು ಹದಿಮೂರು ಹೆಂಚು. ಜುಂಜಣ್ಣ ಇಳಿದು ಬಂದು ಮೊದಲು ನೀರು ಕೇಳಿದ.

ಸಂಜೆ ಮನೆಗೆ ಬಂದು, ಚಂದ್ರಕ್ಕ ಕೇಳುವ ಮೊದಲೇ, ನಿಂತಿತು ಅಂದೆ. ಅವಳು ನನ್ನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆಣ್ಣೆ ಸವರಿದಳು. ಎಡಗೈಯಿಂದ ನನ್ನ ಕೈ ಹಿಡಿದಿದ್ದಳು. ಕಿರುಬೆರಳಿನ ಬುಡದಲ್ಲಿ ಚರ್ಮ ಗಂಟಾಗಿ ಹೊಳೆಯುತ್ತದೆ. ಮೂರು ವರ್ಷ ಎದುರು ಬದುರು ಕೂತು ಉಂಡಿದ್ದೇವೆ. ಅದು ಹೇಗಿದೆ ಅಂತ ನಾನು ನೋಡಿರಲೇ ಇಲ್ಲ.

ಜೂನ್ ೨. ಭಾನುವಾರ

ನಾಳೆ ಶಾಲೆ. ಹೆಂಚು ಹೊದಿಸಿ ಆಯಿತು ಅಂತ ಜುಂಜಣ್ಣ ಹೇಳಿಕಳಿಸಿದ್ದಾನೆ. ಹೊಳಲ್ಕೆರೆಯಲ್ಲಿ ಯಾರೋ ಗೂಟ ಕೇಳುತ್ತಿದ್ದಾರಂತೆ. ತಂತಿಹಗ್ಗ ಗುಜರಿಗೆ ವಾಪಸ್ಸು ಹೋಗಬೇಕು.

ಮಧ್ಯಾಹ್ನ ಉಂಡು ವರ್ಕ್‌ಶಾಪಿನ ಹಿಂದಿನ ಕೋಣೆಗೆ ಹೋಗಿ ಶೇಂಗಾ ಮಿಷನ್ನಿನ ಮೇಲಿನ ಗೋಣಿಚೀಲ ತೆಗೆದೆ. ಯಾಕೆ ತೆಗೆದೆನೋ, ಸುಮ್ಮನೆ ನೋಡೋಣ ಅನಿಸಿತು. ಮಿಷನ್ನಿನ ಬಾಯಿಂದ ಗೋಡೆಯ ಸ್ವಿಚ್ಚಿಗೆ ಹೆಜ್ಜೆ ಹಾಕಿದೆ. ಎಂಟು ಹೆಜ್ಜೆ. ಒಬ್ಬಳೇ ಇದ್ದ ಹೆಂಗಸು, ಕೈ ಒಳಗೆ ಸಿಕ್ಕಿರುವಾಗ, ಎಂಟು ಹೆಜ್ಜೆ. ನಾನು ಅದನ್ನು ಸರಿಯಾದ ಮಿಷನ್ನು ಅಂತ ಇದೇ ಪುಸ್ತಕದಲ್ಲಿ ಬರೆದಿದ್ದೇನೆ.

ಚಂದ್ರಕ್ಕನನ್ನು ಕರೆದೆ. ಬಾಗಿಲಲ್ಲೇ ನಿಂತಳು.

"ತಪ್ಪು ನಂದೇ ಕಣೆ. ನಿಂದಲ್ಲ," ಅಂದೆ. ಆಮೇಲೆ ಕೇಳಿದೆ:

"ಅವತ್ತು ಕೈ ಸಿಕ್ಕಿದಾಗ ಇನ್ನೊಂದು ಕೈ ಎಲ್ಲಿಗೆ ಹೋಯ್ತು?"

ಅವಳು ಒಳಗೆ ಬಂದಳು. ಮಿಷನ್ನಿನ ಮುಂದೆ ನಿಂತು, ಎಡಗೈಯನ್ನು ಅದರ ಬಾಯಿಯ ಹತ್ತಿರ ಹಿಡಿದು, ಬಲಗೈ ಚಾಚಿ ಬದಿಯ ತಗಡನ್ನು ಬಡಿದಳು. ಒಂದಲ್ಲ, ನಾಲ್ಕೈದು ಸಲ, ಒಂದೇ ಜಾಗಕ್ಕೆ. ಆ ಜಾಗದಲ್ಲಿ ತಗಡು ಮೊದಲೇ ಸ್ವಲ್ಪ ಒಳಗೆ ಹೋಗಿತ್ತು.

ನಿಲ್ಲಿಸುವ ಸ್ವಿಚ್ಚಿಗೆ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.